ಭಾವನ ಕೈಗೆ ಸಿಕ್ಕ ಬೂಸ್ಟ್ ತಿರುಪು

ಮೊನ್ನೆ ಕೊರಟಗೆರೆ ಹತ್ತಿರ ಪೊಲೀಸಿನವರು ಗಾಡಿ ನಿಲ್ಲಿಸಿ ಇನ್ಶೂರೆನ್ಸ್ ಕಾಗದ ಕೇಳಿದರು. ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದೆ. ಕಾಗದಕ್ಕಿಂತ ಮೊದಲು ಕೆಂಪು ನೇಲ್ ಪಾಲಿಶಿನ ಸೀಸೆಯೊಂದು ಉರುಳಿ ನನ್ನ ತೊಡೆಯ ಮೇಲೆ ಬಿತ್ತು. ಪೊಲೀಸಿನವರು ಸೀಸೆ ನೋಡಿದರು, ನನ್ನ ಮೀಸೆ ನೋಡಿದರು, ಆಮೇಲೆ ಕಾಗದವನ್ನು ನೋಡದೆಯೇ "ಹೋಗಿ ಸಾರ್" ಎಂದರು. ಅವರ ಮುಖದಲ್ಲಿದ್ದ ನಗು ನನಗೆ ಬೇಕಾಗಿರಲಿಲ್ಲ. ಅದು ಎಂಜಿನ್ನಿಗೆ ಹಚ್ಚಲು ಇಟ್ಟುಕೊಂಡದ್ದು ಎಂದು ಹೇಳಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು. ಸುಮ್ಮನೆ ಬಂದೆ. ಆದರೆ ದಾರಿಯುದ್ದಕ್ಕೂ ಒಳಗೊಳಗೇ ಕುದಿಯುತ್ತಿದ್ದೆ. ಮರ್ಯಾದಸ್ಥನೊಬ್ಬ ಉಗುರುಬಣ್ಣ ಇಟ್ಟುಕೊಂಡು ತಿರುಗುವ ಗತಿ ಬಂದದ್ದು ಯಾರಿಂದ? ನಮ್ಮ ಭಾವನಿಂದ.

ಭಾವ ಎಂದರೆ ನನ್ನ ಅಕ್ಕನ ಗಂಡ, ರುದ್ರಣ್ಣನವರು. ಪಾವಗಡದ ಕಡೆ ಬಲಸಮುದ್ರದವರು. ಅಪ್ಪ ಹೋದ ಮೇಲೆ ಅಕ್ಕ ನನ್ನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ನಾನು ಉಂಡದ್ದು ಭಾವನ ಮನೆಯ ಮುದ್ದೆ, ತೊಟ್ಟದ್ದು ಭಾವ ಹೊಲಿಸಿದ ಚಡ್ಡಿ. ಈಗ ಮಧುಗಿರಿಯಲ್ಲಿ ನನ್ನದೇ ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ಬೋರ್‌ವೆಲ್ ಮೋಟಾರು ಸುಟ್ಟುಕೊಂಡು ಬರುವವರನ್ನು ದಿನಾ ಬೈಯುತ್ತೇನೆ, ಪೈಪಿನ ಏಜೆಂಟರನ್ನು ಬೈಯುತ್ತೇನೆ, ಬೈದೇ ಬೆಲೆ ಇಳಿಸುತ್ತೇನೆ. ಭಾವನ ಎದುರು ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತದೆ. ಈ ಸಂಗತಿ ನಿಮಗೆ ನೆನಪಿರಲಿ. ಏಕೆಂದರೆ ನನ್ನ ಕಷ್ಟವೆಲ್ಲ ಇಷ್ಟೇ: ನನ್ನ ಕಾರಿನ ಎಂಜಿನ್ ಉಳಿಯಬೇಕು, ಭಾವನ ಮನಸ್ಸೂ ನೋಯಬಾರದು.

ಗಾಡಿ ಕೊಂಡದ್ದು ಕೊರಟಗೆರೆಯ ಒಬ್ಬ ಮೇಷ್ಟರ ಹತ್ತಿರ. ಹಳೆಯ ಗಾಡಿ ಕೊಳ್ಳುವವರಿಗೆ ನನ್ನದೊಂದು ಸಲಹೆ: ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಮಾರುವವರಿಗೆ ಹಸಿವಾಗಿರುತ್ತದೆ, ಒಳಗಿನಿಂದ ಹೆಂಡತಿ ಕರೆಯುತ್ತಿರುತ್ತಾರೆ, ಸಾರು ಆರುತ್ತಿರುತ್ತದೆ. ಬೇಗ ಇಳಿಯುತ್ತಾರೆ. ನೀವು ಮಾತ್ರ ಉಂಡು ಹೋಗಿರಬೇಕು. ಹಾಗೆಯೇ ಹೋಗಿ ಗೆದ್ದು ಬಂದೆ ಎಂದುಕೊಂಡಿದ್ದೆ. ಮಧುಗಿರಿ ದಾರಿಯ ಮೊದಲ ಏರಿನಲ್ಲೇ ಗಾಡಿ ಏದುಸಿರು ಬಿಡತೊಡಗಿತು. ಹಸಿದಿದ್ದರೂ ಮೇಷ್ಟರು ಹೇಳಬಾರದ್ದನ್ನು ಹೇಳಿರಲಿಲ್ಲ. ಟರ್ಬೊದ ಒತ್ತಡವನ್ನು ಹದದಲ್ಲಿಡುವ ಎಲೆಕ್ಟ್ರಿಕ್ ವಾಲ್ವ್ ಕೆಟ್ಟಿತ್ತು.

ಶಿರಾದಲ್ಲಿ ಇಮ್ತಿಯಾಜ್ ಭಾಯ್ ಎಂಬ ಮೆಕ್ಯಾನಿಕ್ ಇದ್ದಾರೆ. ಮಾತಿನಲ್ಲಿ ನನ್ನನ್ನು ಮೀರಿಸುವ ಒಬ್ಬರೋ ಇಬ್ಬರೋ ಜನರಲ್ಲಿ ಅವರೂ ಒಬ್ಬರು. ಬಾನೆಟ್ ಎತ್ತಿ ನೋಡಿ, "ಒರಿಜಿನಲ್ ಸಿಗಲ್ಲ ಸಾವ್ಕಾರ್ರೇ. ಮಾಲ್ ಬರೋದೇ ಬಂದ್ ಆಗೈತೆ. ಇದ್ ಹಾಕ್ತೀನಿ ನೋಡಿ, ಹಿತ್ತಾಳೆದು, ಕೈಲಿ ತಿರುಗ್ಸೋದು. ಜಾಸ್ತಿ ಬೇಕಾ, ಇಂಗೆ. ಕಮ್ಮಿ ಬೇಕಾ, ಅಂಗೆ. ಬಸ್" ಎಂದರು.

"ಕೆಟ್ಟೋಗಲ್ವಾ?"

"ಇದ್ರಲ್ಲಿ ಕೆಡೋಕೇನೈತೆ? ಒಂದ್ ಗುಂಡು, ಒಂದ್ ಸ್ಪ್ರಿಂಗು, ಒಂದ್ ತಿರುಪು. ತಿರುಗ್ಸೋರು ಕೆಡಿಸ್ಬೇಕು ಅಷ್ಟೇ."

ಆ ಕೊನೆಯ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಲೆ ಇಳಿಸುವ ಯೋಚನೆಯಲ್ಲಿದ್ದೆ.

ಈ ವಸ್ತುವಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಡೀಸೆಲ್ ಚೆನ್ನಾಗಿ ಉರಿದು ಬಲ ಬರುತ್ತದೆ. ಆದರೆ ಒತ್ತಡಕ್ಕೊಂದು ಮಿತಿ ಬೇಕು. ಕೆರೆ ತುಂಬಿದರೆ ಕೋಡಿ ಹರಿಯುವ ಹಾಗೆ, ಇಲ್ಲಿಯೂ ಹೆಚ್ಚಾದ ಹೊಗೆ ಪಕ್ಕಕ್ಕೆ ಹರಿದುಹೋಗಲು ಒಂದು ಸಣ್ಣ ಗೇಟು ಇರುತ್ತದೆ. ಒತ್ತಡ ಏರಿತು ಎಂಬ ಸುದ್ದಿ ಒಂದು ತೆಳ್ಳನೆಯ ರಬ್ಬರ್ ಪೈಪಿನ ಮೂಲಕ ಆ ಗೇಟಿಗೆ ಮುಟ್ಟುತ್ತದೆ, ಗೇಟು ತೆರೆಯುತ್ತದೆ. ಬೂಸ್ಟ್ ಕಂಟ್ರೋಲರ್ ಎಂಬ ಈ ಹಿತ್ತಾಳೆಯ ತುಂಡು ಆ ಪೈಪಿನ ನಡುವೆ ಕೂತು ಸುದ್ದಿಯನ್ನು ಸ್ವಲ್ಪ ಹೊತ್ತು ತಡೆದಿಡುತ್ತದೆ. ತಿರುಪು ಬಿಗಿ ಮಾಡಿದಷ್ಟೂ ಸುದ್ದಿ ತಡ, ಒತ್ತಡ ಜಾಸ್ತಿ. ಪೂರಾ ಬಿಗಿದರೆ ಸುದ್ದಿ ಮುಟ್ಟುವುದೇ ಇಲ್ಲ. ಕೋಡಿಗೆ ಅಡ್ಡ ಗೋಡೆ ಕಟ್ಟಿದ ಕೆರೆ. ಆಮೇಲೆ ಒಡೆಯುವುದು ಏರಿಯೇ.

ಅದನ್ನು ಹದಕ್ಕೆ ತರುವುದು ಚೌಕಾಸಿಯ ಕೆಲಸ, ಅದಕ್ಕೇ ನನಗೆ ಒಗ್ಗಿತು. ಮೊದಲು ತಿರುಪನ್ನು ಪೂರ್ತಿ ಸಡಿಲ ಬಿಟ್ಟು ಶುರು ಮಾಡಬೇಕು. ಒಂದೇ ರಸ್ತೆ, ಒಂದೇ ಏರು, ಒಂದೇ ಗೇರು. ಆಕ್ಸಿಲರೇಟರ್ ಒತ್ತಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಎಲ್ಲಿಗೆ ಏರುತ್ತದೆ ನೋಡಿ ವಾಪಸ್ ಬರಬೇಕು. ಸ್ವಲ್ಪವೇ ಸ್ವಲ್ಪ ಬಿಗಿ ಮಾಡಿ, ಲಾಕ್ ನಟ್ ಬಿಗಿದು, ಮತ್ತೆ ಅದೇ ಏರು. ಇನ್ನೂ ಸ್ವಲ್ಪ ಕೊಡುತ್ತದೆ ಅನ್ನಿಸುವಾಗಲೇ ಕೈ ತೆಗೆಯಬೇಕು. ಎದುರಿನವನು ಎದ್ದು ಹೋಗುವ ತನಕ ಹಿಂಡುವವನು ವ್ಯಾಪಾರಿಯಲ್ಲ. ಹೀಗೆ ಕೆಲವು ಬೆಳಗುಗಳನ್ನು ಕಳೆದು ಗಾಡಿಯನ್ನು ಹದಕ್ಕೆ ತಂದೆ. ಗೇಜಿನ ಗಾಜಿನ ಮೇಲೆ, ಇದಕ್ಕಿಂತ ಆಚೆ ಹೋಗಬಾರದು ಎಂದು ಒಂದು ಕೆಂಪು ಗೆರೆ ಅಂಟಿಸಿದೆ. ಮಧುಗಿರಿ ಬೆಟ್ಟ ಹತ್ತು ಎಂದಿದ್ದರೂ ಹತ್ತುತ್ತಿತ್ತೇನೋ ಗಾಡಿ.

ಆ ವಾರವೇ ಭಾವ ಬಂದರು.

ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಬಾನೆಟ್ ಎದ್ದಿತ್ತು. ಹಳೆಯ ಗಾಡಿ, ಅದರ ಬಾಗಿಲು ಲಾಕ್ ಆಗುವುದೂ ಬಿಡುವುದೂ ಅದರ ಇಷ್ಟ.

"ಏನ್ಲೇ ಮಲ್ಲೇಶ ಇದು, ಹಿತ್ತಾಳೆ ನಲ್ಲಿ?" ಎಂದರು ಭಾವ.

"ಮುಟ್‌ಬ್ಯಾಡಿ ಭಾವ, ಹದಕ್ಕೆ ಬಂದೈತೆ."

"ಮುಟ್ಟಲ್ಲ ಬುಡು. ನೋಡ್ತೀನಷ್ಟೇ."

ನಮ್ಮ ಕಡೆಯವರು ನೋಡುವುದು ಕೈಯಿಂದ. ಇದನ್ನು ನಾನು ಮೂವತ್ತು ವರ್ಷದ ಅಂಗಡಿಯ ಅನುಭವದಿಂದ ಹೇಳುತ್ತಿದ್ದೇನೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ರಿಲೇ ಅಂತ ಒಂದಿರುತ್ತದೆ. ಕರೆಂಟು ಏರುಪೇರಾದರೆ ಮೋಟಾರನ್ನು ನಿಲ್ಲಿಸಿ ಕಾಪಾಡುವುದು ಅದರ ಕೆಲಸ. ಅದಕ್ಕೊಂದು ಸಣ್ಣ ತಿರುಪಿದೆ. ವೋಲ್ಟೇಜ್ ಬಿದ್ದಾಗ ರಿಲೇ ಮೋಟಾರನ್ನು ನಿಲ್ಲಿಸುತ್ತದೆ, ನಮ್ಮವರಿಗೆ ಸಿಟ್ಟು ಬರುತ್ತದೆ, ತಿರುಪನ್ನು ಕೊನೆಯವರೆಗೆ ತಿರುಗಿಸಿ ಇಟ್ಟುಬಿಡುತ್ತಾರೆ. ಆಮೇಲೆ ಮೋಟಾರು ನಿಲ್ಲುವುದೇ ಇಲ್ಲ, ಸುಡುತ್ತದೆ. ಸುಟ್ಟದ್ದನ್ನು ಹೊತ್ತು ನನ್ನ ಅಂಗಡಿಗೆ ಬಂದು, "ರಿಲೇ ಮುಟ್ಟೇ ಇಲ್ಲ ಕಣಣ್ಣ, ದೇವ್ರಾಣೆ" ಎನ್ನುತ್ತಾರೆ. ಕಾವಲುಗಾರ ಕೂಗುತ್ತಾನೆಂದು ಅವನ ಬಾಯಿಗೆ ಬಟ್ಟೆ ತುರುಕಿ, ಕಳ್ಳತನ ಆಯಿತೆಂದು ಅಳುವ ಬುದ್ಧಿ ಇದು. ನನ್ನ ಮನೆ ನಡೆಯುವುದು ಈ ಬುದ್ಧಿಯಿಂದಲೇ ಎಂಬುದು ನಿಜ. ಹಾಗಂತ ಸಿಟ್ಟು ಬರಬಾರದೆ?

ಭಾವನೋ, ಈ ವಿದ್ಯೆಯಲ್ಲಿ ಹಿರಿಯರು. ಅವರ ಹೊಲದ ಮೋಟಾರ್ ಮನೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಡೆಯಲ್ಲಿ ಕಣಜದ ಗೂಡು, ಮೂಲೆಯಲ್ಲಿ ಕಡಲೆಕಾಯಿ ಸಿಪ್ಪೆ, ಗ್ರೀಸು ಮತ್ತು ಹಸಿಮಣ್ಣು ಬೆರೆತ ವಾಸನೆ, ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿಯ ಬಿಳಿ ಮೊಟ್ಟೆ. ಕರೆಂಟು ಬಂದ ಸದ್ದು ನಮಗೆ ಕೇಳುವ ಮೊದಲೇ ಭಾವನಿಗೆ ಕೇಳುತ್ತಿತ್ತು. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡುತ್ತಿದ್ದರು. ಅಲ್ಲಿ ಅವರು ತಿರುಗಿಸದ ವಸ್ತುವಿರಲಿಲ್ಲ. ಗೇಟ್ ವಾಲ್ವ್ ಒಂದಿಷ್ಟು, ರಿಲೇ ಒಂದಿಷ್ಟು, ಪೈಪಿನ ಕ್ಲಾಂಪು ಒಂದಿಷ್ಟು. ಸುಟ್ಟ ಮೋಟಾರುಗಳನ್ನು ಬಸ್ಸಿನ ಟಾಪಿಗೇರಿಸಿ ಮಧುಗಿರಿಗೆ ತರುತ್ತಿದ್ದರು, ಜೊತೆಯಲ್ಲಿ ನನ್ನನ್ನೂ. ಅಲ್ಲಿ ಆ ಮೋಟಾರುಗಳ ರಿಪೇರಿ ನೋಡುತ್ತಾ ನೋಡುತ್ತಾ ನಾನು ಕೆಲಸ ಕಲಿತೆ. ಅಂದರೆ ನನ್ನ ಅನ್ನದ ದಾರಿಯೂ ಭಾವನ ತಿರುಪಿನಿಂದಲೇ. ಹೇಳಿ, ನಾನು ಹೇಗೆ ಬೈಯಲಿ?

ಅವತ್ತು ಭಾವ ಊರಿಗೆ ಹೊರಟ ಮೇಲೆ ಗಾಡಿ ತೆಗೆದರೆ ಮುಳ್ಳು ಕೆಂಪು ಗೆರೆ ದಾಟಿ ಕುಣಿಯುತ್ತಿತ್ತು. ಮತ್ತೆ ಹದಕ್ಕೆ ತಂದೆ. ಭಾವ ಮತ್ತೆ ಬಂದರು, ಮತ್ತೆ ತಿರುಗಿಸಿದರು. ಈಚೆಗೆ ಭಾವ ಬರುವುದೂ ಜಾಸ್ತಿಯಾಗಿತ್ತು. ಬೈಯಲಾಗದವನು ಉಪಾಯ ಮಾಡಬೇಕು. ತಿರುಪು ಮತ್ತು ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದುಬಿಟ್ಟರೆ, ಯಾರೇ ತಿರುಗಿಸಿದರೂ ಗೆರೆ ಒಡೆದು ತಿಳಿಯುತ್ತದೆ. ಭಾವನಿಗೂ ಅದನ್ನು ಕಂಡರೆ ಕೊಂಚ ಸಂಕೋಚವಾಗಬಹುದು. ನನ್ನ ಹೆಂಡತಿ ಶಾರದಳ ನೇಲ್ ಪಾಲಿಶ್ ಕೇಳಿದೆ.

"ಮದ್ವೆ ಆದಾಗಿಂದ ನನ್ ಉಗುರ್ ಕಡೆ ನೋಡಿಲ್ಲ ನೀವು. ಈಗ ಎಂಜಿನ್ನಿಗೆ ಬಣ್ಣ ಹಚ್ತೀರಾ?" ಎಂದಳು. ಆದರೂ ಕೊಟ್ಟಳು.

ಮುಂದಿನ ಸಲ ಭಾವ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. "ಯಾವನೋ ಅದರ ಮ್ಯಾಲೆ ಕೆಂಪ್ ಬಣ್ಣ ಮೆತ್ತಿಬುಟ್ಟಿದ್ದ ಕಣ್ಲಾ. ಗಲೀಜು. ಕೆರೆದು ಕ್ಲೀನ್ ಮಾಡಿದೀನಿ."

ತಿರುಪಿಗೆ ಟೇಪು ಸುತ್ತಿದೆ. ಗಾಳಿ ಲೀಕಾಗುತ್ತಿರಬೇಕು ಎಂದು ಭಾವ ಟೇಪು ಬಿಚ್ಚಿ ಪರೀಕ್ಷೆ ಮಾಡಿದರು. ಅದನ್ನು ತಿರುಗಿಸಿದರೂ ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. "ಏನೂ ಆಗದಿದ್ ಮ್ಯಾಕೆ ತಿರುಗಿಸಿದ್ರೇನು ನಷ್ಟ?" ಎಂದರು. ಕೊನೆಗೆ ಅಕ್ಕನ ಹತ್ತಿರ ದೂರು ಕೊಂಡೊಯ್ದೆ. ಅಕ್ಕ ಅವರೆಕಾಯಿ ಸುಲಿಯುತ್ತಾ ತಲೆಯೆತ್ತದೆ ಹೇಳಿದಳು: "ಚಿಕ್ಕೋನಿದ್ದಾಗ ಅವ್ರ ರೇಡಿಯೋ ಬಿಚ್ಚಿ ಚೂರ್ ಚೂರ್ ಮಾಡಿದ್ಯಲ್ಲ, ಒಂದ್ ಮಾತಂದ್ರಾ ಅವ್ರು? ನಿನ್ ಗಾಡೀದು ಒಂದ್ ನಲ್ಲಿ ತಿರುಗ್ಸಿದ್ದಕ್ಕೆ ಬಂದ್ಬುಟ್ಯಾ." ಅಲ್ಲಿಗೆ ಆ ಕೋರ್ಟೂ ಮುಚ್ಚಿತು.

ಸಂಗತಿ ಕೈಮೀರಿದ್ದು ನಿಡುಗಲ್ಲಿನ ದಾರಿಯಲ್ಲಿ. ಅಲ್ಲಿ ನೆಂಟರೊಬ್ಬರ ಹೊಸ ಮನೆಯ ಊಟ. ನಾನು, ಪಕ್ಕದಲ್ಲಿ ಭಾವ, ಹಿಂದೆ ಅಕ್ಕ. ಏರು ಶುರುವಾಗುತ್ತಿದ್ದಂತೆ ಗಾಡಿ ಎಂದೂ ಇಲ್ಲದ ಹುರುಪಿನಲ್ಲಿ ಜಿಗಿಯಿತು. ಮುಳ್ಳಿನ ಕಡೆ ಕಣ್ಣು ಹಾಕಿದೆ. ಕೆಂಪು ಗೆರೆ ಎಲ್ಲೋ ಹಿಂದುಳಿದಿತ್ತು. ಕಾಲು ತೆಗೆಯುವಷ್ಟರಲ್ಲಿ ಎಂಜಿನ್ನಿನ ಕಡೆಯಿಂದ ಟಯರ್ ಸಿಡಿದಂಥ ಸದ್ದು. ಹಿಂದೆ ಕಪ್ಪು ಹೊಗೆ. ಗಾಡಿ ಸತ್ವ ಕಳೆದುಕೊಂಡು, ಒಂದು ಬೇವಿನ ಮರದ ಹತ್ತಿರ ನಿಂತಿತು.

"ತಿರುಗಿಸಿದ್ರಾ ಭಾವ?"

"ಕೊಂಚೆಂ" ಎಂದರು ಭಾವ. ಸ್ವಲ್ಪ ಎನ್ನುವುದಕ್ಕೆ ಅವರ ಕಡೆಯ ಮಾತು. ಪಾವಗಡದವರು ಕಷ್ಟಕ್ಕೆ ಸಿಕ್ಕಿದಾಗ ತೆಲುಗಿಗೆ ತಿರುಗುತ್ತಾರೆ.

ಇವತ್ತು ಬೈದೇ ಬಿಡುತ್ತೇನೆ ಎಂದು ಇಳಿದೆ. ಇಷ್ಟು ದಿನ ನುಂಗಿದ್ದೆಲ್ಲ ಗಂಟಲಿಗೆ ಬಂದಿತ್ತು. ಮೊದಲ ವಾಕ್ಯವನ್ನು ಬಾಯೊಳಗೆ ಜೋಡಿಸಿಯೂ ಇದ್ದೆ. ಅಷ್ಟರಲ್ಲಿ ಭಾವ ಪಂಚೆ ಎತ್ತಿಕಟ್ಟಿ, ಬಾನೆಟ್ಟಿನೊಳಗೆ ಅರ್ಧ ಮುಳುಗಿ, "ಪೈಪ್ ಕಳಚ್ಕಂಡೈತೆ ಅಷ್ಟೇ. ಒಡೆದಿಲ್ಲ. ಕಟ್ಟುತಂತಿ ಐತಾ? ಇಕ್ಕಳ?" ಎಂದರು.

ಪಂಪಿನ ವ್ಯಾಪಾರದವನ ಗಾಡಿಯಲ್ಲಿ ತಂತಿ, ಇಕ್ಕಳ ಇಲ್ಲದಿರುತ್ತದೆಯೇ? ಕೊಟ್ಟೆ. ಬಿಸಿ ಆರುವವರೆಗೂ ಭಾವ ಕಾದರು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ತರುವ ದಪ್ಪ ರಬ್ಬರ್ ಪೈಪಿನ ಬಾಯಿಯನ್ನು ಟವೆಲಿನ ತುದಿಯಿಂದ ಎಣ್ಣೆ ಹೋಗುವಂತೆ ಒರೆಸಿದರು. ಅದನ್ನು ಜಾಗಕ್ಕೆ ಕೂರಿಸಿ, ತಿರುಪಿನ ಮರೆ ಸವೆದ ಕ್ಲಿಪ್ಪಿನ ಮೇಲೆ ತಂತಿ ಸುತ್ತಿ, ಇಕ್ಕಳದಿಂದ ಹೊರಳಿಸಿ ಹೊರಳಿಸಿ ಬಿಗಿದರು. ಅವರ ಬಾಯಲ್ಲಿ ಏನೋ ಗುನುಗು. ಬೇವಿನ ಮರದ ಕೆಳಗೆ ಕೂತಿದ್ದ ಅಕ್ಕ ಮೆಲ್ಲಗೆ, "ನೋಡು ಅವ್ರನ್ನ. ಇಂಗ್ ಕೂತು ಕೆಲ್ಸ ಮಾಡಿದ್ ನೋಡಿ ಎಷ್ಟ್ ಕಾಲ ಆಯ್ತು" ಎಂದಳು.

ಭಾವ ಎದ್ದು ಕೈ ಒರೆಸಿಕೊಂಡರು. ಏರಿನ ಮೇಲಿಂದ ದೂರದಲ್ಲಿ ತಿರುಮಣಿ ಕಡೆಯ ಸೋಲಾರ್ ಹಲಗೆಗಳು ಸಾಲುಸಾಲಾಗಿ ಕಾಣುತ್ತಿದ್ದವು. ಭಾವನ ಹೊಲವೂ ಆ ಸೋಲಾರಿನವರಿಗೇ ಗುತ್ತಿಗೆಗೆ ಹೋಗಿದೆ.

"ಮೊನ್ನೆ ಹೋಗಿದ್ದೆ ಲೇ" ಎಂದರು. "ಬೋರ್ ಇದ್ ಜಾಗ ನೋಡ್ಕಂಡ್ ಬರಾಣ ಅಂತ. ಗೇಟ್ನಾಗೆ ವಾಚ್‌ಮನ್ನು, 'ಎವರು ಕಾವಾಲಿ ತಾತಾ' ಅಂದ. ಯಾರು ಬೇಕು ಅಂತ ನನ್ನೇ ಕೇಳ್ತಾನೆ. ಯಾರೂ ಬ್ಯಾಡಪ್ಪ, ನನ್ ಹೊಲ ಬೇಕಾಗಿತ್ತು ಅಂದೆ. ನಕ್ಕ. ನಾನೂ ನಕ್ಕು ಬಂದೆ."

ನಾನು ಇಕ್ಕಳ, ಉಳಿದ ತಂತಿ ಎತ್ತಿ ಗಾಡಿಯೊಳಗಿಟ್ಟೆ.

"ತಪ್ಪೇನಿಲ್ಲ ಬುಡು. ಬಿಸ್ಲು ಬೀಳ್ತದೆ, ಕರೆಂಟ್ ಆಗ್ತದೆ, ಬಾಡ್ಗೆ ಬ್ಯಾಂಕಿಗೆ ಬರ್ತದೆ. ನಾನೆಲ್ಲೂ ಕೈ ಇಕ್ಕಂಗಿಲ್ಲ. ಬೆಳಗಾಗೆದ್ರೆ ಈ ಕೈ ಎಲ್ಲಿಡ್ಬೇಕೋ ಗೊತ್ತಾಗಲ್ಲ, ಅಷ್ಟೇಯ."

ಗಂಟಲವರೆಗೆ ಬಂದ ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಆ ವಾಚ್‌ಮನ್ನಿನ ಮೇಲೆ ಹರಿಬಿಡೋಣವೆಂದರೆ ಅವನದೇನು ತಪ್ಪು, ಗೇಟು ಕಾಯುವ ಕೆಲಸ. ಗುತ್ತಿಗೆಗೆ ಸಹಿ ಹಾಕಿ ಎಂದು ಅಂದು ಭಾವನಿಗೆ ಹೇಳಿದವರಲ್ಲಿ ನಾನೇ ಮುಂದಿದ್ದೆ, ಒಳ್ಳೆಯ ದರವೂ ಆಗಿತ್ತು. ದರ ಒಳ್ಳೆಯದಾದ ಮಾತ್ರಕ್ಕೆ ಮನುಷ್ಯನ ಕೈಗೆ ಕೆಲಸ ಸಿಗುವುದಿಲ್ಲ ಎಂಬುದು ಗುತ್ತಿಗೆ ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕೆಂದು ನಿಮಗಾದರೂ ಗೊತ್ತಿದ್ದರೆ ಹೇಳಿ, ನಾನು ಸಿದ್ಧ.

ಆದರೂ ಒಂದು ಮಾತು. ಕನಿಕರದಿಂದ ಎಂಜಿನ್ ಉಳಿಯುವುದಿಲ್ಲ. ಹೊಸ ಮನೆಯ ಹೋಳಿಗೆ ಉಂಡು, ಭಾವ ಎಲೆಯಡಿಕೆ ಹಾಕಿಕೊಂಡ ಮೇಲೆ ಮಾತಿಗೆ ಕೂತೆ. "ಭಾವ, ಇನ್ಮುಂದೆ ತಿರುಪು ನಿಮ್ದೇ. ನಾನ್ ಮುಟ್ಟಲ್ಲ. ಆದ್ರೆ ತಿರುಗಿಸಿದ್ ಮೇಲೆ ಪಕ್ಕದಲ್ ಕೂತು ಮುಳ್ಳು ನೋಡ್ಬೇಕು. ಕೆಂಪು ಗೆರೆ ದಾಟಿದ್ರೆ ನೀವೇ ಇಳಿದು ಹಿಂದಕ್ ತಿರುಗಿಸ್ಬೇಕು. ಒಂದ್ ಸಲಕ್ಕೆ ಕಾಲು ಸುತ್ತು."

"ಅರ್ಧ."

"ಕಾಲು ಭಾವ."

"ಮುಕ್ಕಾಲು ಕೇಳೋನು ಅರ್ಧಕ್ ಇಳಿದಿದೀನಿ, ನೀನ್ ಒಂಚೂರು ಬಾ."

ಜೀವನದಲ್ಲಿ ಮೊದಲ ಸಲ ಭಾವನ ಜೊತೆ ಚೌಕಾಸಿ ಮಾಡಿ ಕಾಲು ಸುತ್ತಿನಲ್ಲೇ ನಿಲ್ಲಿಸಿದೆ. ಅದರಿಂದ ನನಗೆ ಸಿಕ್ಕಿದ್ದೇನು? ಈಗ ಭಾವ ಕನ್ನಡಕ ಏರಿಸಿ, ಗೇಜಿನ ಮುಂದೆ ಬಗ್ಗಿ ಕೂರುತ್ತಾರೆ. "ಯಾಕ್ಲಾ ಇಷ್ಟ್ ಒತ್ತುತೀಯ, ಮುಳ್ ನೋಡು," "ಗೇರ್ ಇಳ್ಸು, ಅಯ್ಯೋ ಇಳ್ಸು," "ನಿಂಗೆ ಗಾಡಿ ಕೊಟ್ಟೋರ್ ಯಾರಪ್ಪ." ಗೆರೆಯನ್ನು ಮುಳ್ಳು ಮುಟ್ಟುವ ಮೊದಲೇ ಗಾಡಿ ನಿಲ್ಲಿಸಲು ಹೇಳುತ್ತಾರೆ. ಎಂಜಿನ್ ಈಗ ಹಿಂದೆಂದಿಗಿಂತ ಕ್ಷೇಮವಾಗಿದೆ. ನನ್ನದೇ ಗಾಡಿಯಲ್ಲಿ ನಾನು ಬೈಸಿಕೊಳ್ಳುವ ಡ್ರೈವರ್ ಆಗಿದ್ದೇನೆ. ಸವೆದ ಕ್ಲಿಪ್ಪಿನ ಬದಲು ಹೊಸದು ಹಾಕಿಸಬೇಕಾದರೂ ಯಾವ ಅಂಗಡಿಯದೆಂದು ಭಾವನೇ ಹೇಳಬೇಕು.

ಹೀಗಿರುವಾಗ ಇಮ್ತಿಯಾಜ್ ಭಾಯ್ ಫೋನ್ ಮಾಡಿ ಶಿರಾಕ್ಕೆ ಕರೆದರು. ಭಾವನೂ ಬಂದರು. ಭಾಯ್ ಒಂದು ಪೊಟ್ಟಣ ಬಿಚ್ಚಿ ಮುಂದಿಟ್ಟರು. "ಸಿಕ್ತು ನೋಡಿ ಸಾವ್ಕಾರ್ರೇ, ಒರಿಜಿನಲ್ ವಾಲ್ವ್. ನಿಮ್ಗೇಂತ ಹುಡ್ಕಿದೀನಿ. ಆ ಹಿತ್ತಾಳೆ ಕಿತ್ತಾಕಿ ಇದನ್ ಕೂರ್ಸಿದ್ರೆ ನಿಮ್ ತಲೆನೋವೇ ಖತಂ."

ಭಾವ ಅದನ್ನು ಕೈಗೆ ತೆಗೆದುಕೊಂಡು ಅತ್ತ ಇತ್ತ ಹೊರಳಿಸಿ ನೋಡಿದರು. "ಇದ್ರಾಗೆ ತಿರುಗ್ಸೋಕೆ ಏನಿಲ್ವೇನಪ್ಪ?"

"ಏನೂ ಇಲ್ಲ ತಾತ. ಎಲ್ಲಾ ತನ್ನಷ್ಟಕ್ ತಾನೇ. ಯಾರೂ ಕೈ ಇಡಂಗೇ ಇಲ್ಲ."

ಭಾವ ಅದನ್ನು ಮೆಲ್ಲಗೆ ಪೊಟ್ಟಣದ ಮೇಲಿಟ್ಟರು. "ಒಳ್ಳೇದೇ ಆಯ್ತು. ಹಾಕ್ಸು ಬುಡು ಮಲ್ಲೇಶ" ಎಂದು ಹೇಳಿ, ಏನೂ ಅಂಟಿರದ ಕೈಯನ್ನು ಪಂಚೆಗೆ ಒರೆಸಿಕೊಂಡು ಬೆಂಚಿನ ಮೇಲೆ ಕೂತರು.

ಭಾಯ್ ಬೆಲೆ ಹೇಳಿದರು. ನ್ಯಾಯವಾದ ಬೆಲೆ. ನಾನೇ ಕೇಳಿದ್ದರೂ ಅದಕ್ಕಿಂತ ಹೆಚ್ಚು ಇಳಿಸಲಾಗುತ್ತಿರಲಿಲ್ಲ. ನಾನು ಅದರ ಕಾಲು ಭಾಗವೂ ಇಲ್ಲದ ಒಂದು ಬೆಲೆ ಹೇಳಿದೆ. ಭಾಯ್ ನನ್ನ ಮುಖ ನೋಡಿದರು. "ಆ ದುಡ್ಡಿಗೆ ಇದರ ಡಬ್ಬಾನೂ ಬರಲ್ಲ." ಹಾಗಾದರೆ ಬೇಡ ಎಂದು ಎದ್ದು ಹೊರಟೆ. ಬಾಗಿಲು ದಾಟುವ ಮುಂಚೆ ವ್ಯಾಪಾರಿ ಹಿಂದಕ್ಕೆ ಕರೆಯುತ್ತಾನೆ ಎಂಬುದು ನಾನು ನೂರು ಜನಕ್ಕೆ ಹೇಳಿಕೊಟ್ಟ ಗುಟ್ಟು. ಅವತ್ತು ಮಾತ್ರ ಕರೆಯದಿರಲಿ ಎಂದು ದೇವರನ್ನು ಬೇಡುತ್ತಾ ನಡೆದೆ. ಭಾಯ್ ಕರೆದರು. "ಬನ್ನಿ ಬನ್ನಿ, ಹಳೇ ಗಿರಾಕಿ ನೀವು. ನಿಮ್ ಬೆಲೆಗೇ ತಗೊಳ್ಳಿ."

ಈಗೇನು ಮಾಡಬೇಕು? ನಿಂತಲ್ಲೇ ನನ್ನ ಬೆಲೆಯನ್ನು ಇನ್ನೂ ಅರ್ಧಕ್ಕೆ ಇಳಿಸಿದೆ. ಭಾಯ್ ಪೊಟ್ಟಣ ಕಟ್ಟಿ ಬೀರುವಿನೊಳಗಿಟ್ಟು ಬಾಗಿಲು ಹಾಕಿಕೊಂಡರು. ಈಗಲೂ ಶಿರಾ ಬೀದಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಮಧುಗಿರಿ ಬರುವವರೆಗೂ ಭಾವ ನನ್ನನ್ನು ಬೈದರು. "ಕೈಗೆ ಬಂದ ಮಾಲು ಬುಟ್ ಬಂದ್ಯಲ್ಲೋ. ಅವನಾಗಿ ಒಪ್ಕಂಡ್ ಮೇಲೂ ಇನ್ನೂ ಇಳ್ಸೋಕ್ ಹೋಗ್ತಾರಾ? ನಿಂಗೆ ವ್ಯಾಪಾರ ಯಾವನ್ ಹೇಳ್ಕೊಟ್ಟ? ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಗೊತ್ತಿಲ್ವಲ್ಲ ನಿಂಗೆ." ಬೈಯುತ್ತಲೇ ಮುಳ್ಳನ್ನೂ ನೋಡುತ್ತಿದ್ದರು. ಮನೆಗೆ ಹೋಗಿ ಅಕ್ಕನಿಗೆ ಹೇಳಿದರು. ಆಮೇಲೆ ನನ್ನ ಅಂಗಡಿಯ ಮುಂದೆ ಕೂತು, ಮೋಟಾರ್ ಹೊತ್ತು ಬಂದವರಿಗೆಲ್ಲ ಹೇಳಿದರು. ನಾನು ಒಳಗೆ ಕಾಯಿಲ್ ಸುತ್ತುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ.

ಅದರ ಫಲ ಈಗ ಕಾಣುತ್ತಿದೆ. ಹಿಂದೆ ನನ್ನ ಎದುರು ತುಟಿ ಬಿಚ್ಚದವರೆಲ್ಲ ಧೈರ್ಯವಾಗಿ ಚೌಕಾಸಿಗೆ ನಿಲ್ಲುತ್ತಿದ್ದಾರೆ. ನಿನ್ನೆ ಒಬ್ಬ ಗಿರಾಕಿ ಕೌಂಟರಿಗೆ ಮೊಣಕೈ ಊರಿ, "ನೀವು ಮಾತ್ನಾಗೆ ಜೋರು, ವ್ಯಾಪಾರ್ದಾಗೆ ಏನಿಲ್ವಂತಲ್ಲ ಬುಡಣ್ಣ. ನಿಮ್ ಭಾವನೋರೇ ಹೇಳಿದ್ರು" ಎಂದು ನಕ್ಕ. ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು. ಉತ್ತರ ನಾಲಗೆಯ ತುದಿಯಲ್ಲಿತ್ತು. ಹೊರಗೆ ಬೆಂಚಿನ ಮೇಲೆ ಭಾವ ಕೂತಿದ್ದರು. ಅವನು ಕೇಳಿದ ಬೆಲೆಗೇ ಕೊಟ್ಟು ಕಳಿಸಿದೆ.